ಅಂಬುವಿನ ಮೆಟ್ಟಿಲು

ನಮ್ಮೂರಿನಲ್ಲಿ ಯಾರ ಮನೆಗೆ ಹೋದರೂ ಮೊದಲು ಒಂದು ಲೋಟ ನೀರು ಕೊಡುತ್ತಾರೆ, ಆಮೇಲೆ ಮಾತಾಡಿಸುತ್ತಾರೆ. ಇದು ಮರ್ಯಾದೆಯೇನೋ ಹೌದು, ಆದರೆ ಬಂದವರ ಏದುಸಿರು ಇಳಿಯುವ ತನಕ ಅವರಿಂದ ಮಾತು ಹೊರಡುವುದಿಲ್ಲ ಎನ್ನುವುದೂ ಅಷ್ಟೇ ನಿಜ. ಮನೆಯಲ್ಲಿ ಓದುವ ಮಗು ಇದ್ದು, ಕಲಿತದ್ದು ಅದರ ತಲೆಗೆ ಹತ್ತಿದರೆ, ಬಾಗಿಲ ಮುಂದೆ ಒಂದು ಮೆಟ್ಟಿಲು ಬರುತ್ತದೆ. ಬರುವುದು ಕೆಳಗಿನಿಂದ. ಮೊದಲಿದ್ದ ಮೆಟ್ಟಿಲುಗಳನ್ನೂ ಮನೆಯನ್ನೂ ಸೇರಿಸಿ ಮೇಲಕ್ಕೆ ಎತ್ತುತ್ತದೆ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಬೀದಿ ಒಂದು ಗೇಣು ಕೆಳಗೆ ಹೋಗಿರುತ್ತದೆ, ಅಷ್ಟೆ. ಮನೆಯವರು ಹೊಸ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಅಕ್ಕಪಕ್ಕದವರಿಗೆ ಸಕ್ಕರೆ ಹಂಚುತ್ತಾರೆ.

ಊರು ಇದಕ್ಕೆ ಹೊಂದಿಕೊಂಡಿದೆ. ಹಾಲಿನವನು ಯಾವ ಮನೆಯನ್ನೂ ಹತ್ತುವುದಿಲ್ಲ, ಕೆಳಗೆ ನಿಂತು ಕೂಗುತ್ತಾನೆ; ಮೇಲಿನಿಂದ ಹಗ್ಗಕ್ಕೆ ಕಟ್ಟಿದ ಪಾತ್ರೆ ಇಳಿಯುತ್ತದೆ. ತರಕಾರಿಯವಳೂ ಹಾಗೆಯೇ. ಬದನೆಕಾಯಿ ಹುಳುಕು ಎಂದು ಮೇಲಿನಿಂದ ಜಗಳ ಶುರುವಾದರೆ ಕೇಳಿಸದವಳ ಹಾಗೆ ಮುಂದಿನ ಮನೆಗೆ ಹೋಗುತ್ತಾಳೆ. ನಮ್ಮ ಎದುರುಮನೆ ಪದ್ಮಾವತಮ್ಮನವರ ಮಗ ಶ್ರೀವತ್ಸ ವರ್ಷವೊಂದರಲ್ಲಿ ಎಷ್ಟು ಮೆಟ್ಟಿಲು ತಂದನೆಂದರೆ, ಮಂಡಿನೋವಿನ ಅವರ ಅತ್ತೆ ಮೇಲೆಯೇ ಉಳಿದುಬಿಟ್ಟರು. ಈಗ ಕಿಟಕಿಯಲ್ಲಿ ಕೂತು ಬೀದಿಯವರಿಗೆಲ್ಲ ಕೈ ಬೀಸುತ್ತಾರೆ. ಮೊಮ್ಮಗ ಕಾಲೇಜಿಗೆ ಹೋದ ಮೇಲೆ ನನ್ನ ಮುಖವೂ ನಿಮಗೆ ಕಾಣಿಸಲಿಕ್ಕಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಮದುವೆಯಾದವರು ಬೇರೆ ಮನೆ ಮಾಡುವುದು ಇಲ್ಲಿಯ ರೂಢಿ, ಹೊಸ ಮನೆ ಬೀದಿಯ ಮಟ್ಟದಿಂದಲೇ ಶುರುವಾಗಬೇಕು. ನಮ್ಮದೂ ಹಾಗೆ ಶುರುವಾಯಿತು, ಹಾಗೆಯೇ ಇತ್ತು. ಮಗಳು ಅಂಬುಜಾಕ್ಷಿ, ನಾವು ಅಂಬು ಅನ್ನುತ್ತೇವೆ, ನಾಲ್ಕನೇ ಕ್ಲಾಸಿಗೆ ಬಂದರೂ ಬೀದಿಯ ಚಪ್ಪಡಿಯೂ ನಮ್ಮ ಹೊಸಿಲೂ ಒಂದೇ ಸಮ. ಸೈಕಲ್ಲು ಸೀದಾ ಒಳಗೆ ಬರುತ್ತಿತ್ತು. ಯಾರದೋ ಮೇಕೆಯೂ ಬರುತ್ತಿತ್ತು. ಇವೆರಡಕ್ಕಿಂತ ಖಾಯಮ್ಮಾಗಿ ಬರುತ್ತಿದ್ದವಳು ತಿಪ್ಪಜ್ಜಿ. ಅವಳ ಸ್ವಂತ ಮನೆ ಬೀದಿಯ ಕೊನೆಯಲ್ಲಿ ಮಗನ ಓದಿನಿಂದ ಆಕಾಶಕ್ಕೆ ಏರಿ ಕೂತಿದೆ. ಬೆಳಿಗ್ಗೆ ಮೊಮ್ಮಗ ಅವಳನ್ನು ಬೆನ್ನ ಮೇಲೆ ಹೊತ್ತು ಕೆಳಗಿಳಿಸುತ್ತಾನೆ, ಸಂಜೆ ಹೊತ್ತು ಮೇಲೇರಿಸುತ್ತಾನೆ. ನಡುವಿನ ಹೊತ್ತಿಗೆಲ್ಲ ನಮ್ಮ ಹೊಸಿಲೇ ಗತಿ. ಎಲೆ ಅಡಿಕೆ ಹಾಕಿಕೊಂಡು, ಊರಿನಲ್ಲಿ ಮನುಷ್ಯರು ಕಾಲಿಡುವಂಥ ಮನೆ ನಿನ್ನದೊಂದೇ ಕಣವ್ವ ಎಂದು ನನ್ನನ್ನು ಹೊಗಳುತ್ತಿದ್ದಳು. ಅವಳು ಮನಸಾರೆ ಹೇಳುತ್ತಿದ್ದಳು, ನನಗೆ ಗಾಯಕ್ಕೆ ಉಪ್ಪು ಸವರಿದ ಹಾಗಾಗುತ್ತಿತ್ತು.

ನಾನು ಬೀದಿಯ ಮೂಲೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ನಮ್ಮ ಯಜಮಾನರದು ಗಾರೆ ಕೆಲಸ. ಇಬ್ಬರದೂ ಮೈಮುರಿದು ದುಡಿಯುವ ಜಾತಿ, ಹಾಗಾಗಿ ಮಗಳು ದುಡಿಯುವುದಿಲ್ಲ ಅನ್ನಿಸಿದರೆ ನಮಗೆ ತಡೆಯುತ್ತಿರಲಿಲ್ಲ. ದಡ್ಡಿಯಾಗಿದ್ದರೆ ಸುಮ್ಮನಿರುತ್ತಿದ್ದೆವೋ ಏನೋ. ಆದರೆ ಅಂಬು ಗಿರಣಿಯ ಸದ್ದಿನಿಂದಲೇ ಒಳಗೆ ಬೀಳುತ್ತಿರುವುದು ರಾಗಿಯೋ ಗೋಧಿಯೋ ಹೇಳುತ್ತಾಳೆ. ತಿಪ್ಪಜ್ಜಿ ಒಂದು ಕಥೆ ಹೇಳಿದರೆ ಸಂಜೆ ಅದನ್ನೇ ರಾಕ್ಷಸನ ದನಿ ಬೇರೆ, ಮುದುಕಿಯ ದನಿ ಬೇರೆ ಮಾಡಿ ನಮಗೆ ಒಪ್ಪಿಸುತ್ತಾಳೆ. ಇಂಥವಳು ಪುಸ್ತಕ ಬಿಡಿಸಿದ ಕೂಡಲೇ ಬೇರೆ ಯಾರದೋ ಮಗುವಾಗುತ್ತಿದ್ದಳು. ಮಕಾರ ವಕಾರವಾಗುತ್ತಿತ್ತು. ಒಂದು ಸಾಲು ಓದಿ ಕೆಳಗಿನದಕ್ಕೆ ಹೋಗುವ ಬದಲು ಅದರ ಮುಂದಿನದಕ್ಕೆ ಹಾರುತ್ತಿದ್ದಳು. ಬೋರ್ಡಿನ ಮೇಲಿದ್ದದ್ದನ್ನು ಉಳಿದ ಮಕ್ಕಳೆಲ್ಲ ಬರೆದು ಮುಗಿಸಿದಾಗ ಇವಳು ಮೊದಲನೇ ಸಾಲಿನ ನಡುವೆ ಇರುತ್ತಿದ್ದಳು. ಸ್ಕೂಲಿದ್ದ ದಿನ ಬೆಳಿಗ್ಗೆ ತಪ್ಪದೆ ಹೊಟ್ಟೆನೋವು, ಭಾನುವಾರ ಇಲ್ಲ. ನಾನು ಓಮಿನ ಕಷಾಯ ಕುಡಿಸಿ, ಇವಳ ನಾಟಕ ನನಗೆ ಗೊತ್ತಿಲ್ಲವೇ ಎಂದುಕೊಂಡು ಕಳಿಸುತ್ತಿದ್ದೆ. ಸ್ಕೂಲಿನಿಂದ ಬರುತ್ತಿದ್ದ ದೂರು ವರ್ಷ ವರ್ಷವೂ ಒಂದೇ: ಸುಮ್ಮನೆ ಕೂತಿರುತ್ತಾಳೆ. ಮನೆಯಲ್ಲಿ ನಮ್ಮ ಬಾಯಲ್ಲೂ ಅದೇ ಪಾಠ. ಸುಮ್ನೆ ಕೂತಿರ್ತೀಯಲ್ಲೇ ಅಂಬು, ನೋಡು ಆ ಶ್ರೀವತ್ಸನ್ನ.

ಐದನೇ ಕ್ಲಾಸಿಗೆ ಹೋಗಬೇಕಾದರೆ ಮನೆಯ ಮುಂದೆ ಒಂದಾದರೂ ಮೆಟ್ಟಿಲಿರಬೇಕು. ಬೇಸಿಗೆ ರಜೆಗೆ ಮುಂಚೆ ಹೆಡ್ ಮಾಸ್ಟರು ಬೀದಿ ಬೀದಿ ನೋಡಿಕೊಂಡು ಬರುತ್ತಾರೆ. ಮೆಟ್ಟಿಲಿಲ್ಲದ ಮನೆಯ ಮಗುವಿಗೆ ಅಲ್ಲಿಗೆ ಸ್ಕೂಲು ಮುಗಿಯಿತು. ಯಾರೂ ಬೈಯುವುದಿಲ್ಲ, ಪಾಪ ಅನ್ನುತ್ತಾರೆ. ಆಮೇಲೆ ಆ ಮಗು ಅಪ್ಪನದೋ ಅಮ್ಮನದೋ ಕೆಲಸಕ್ಕೆ ಸೇರಿಕೊಳ್ಳುತ್ತದೆ. ಹಿಟ್ಟಿನ ಧೂಳಿನಲ್ಲಿ ನಿಂತು ಕೆಮ್ಮುವುದು ನನಗೆ ಅಭ್ಯಾಸವಾಗಿದೆ. ನನ್ನ ಮಗಳು ಒಂಬತ್ತು ವರ್ಷಕ್ಕೆ ಅಲ್ಲಿ ನಿಲ್ಲುವುದನ್ನು ನೆನೆದರೆ ಮಾತ್ರ ರಾತ್ರಿ ಎದ್ದು ಕೂರುತ್ತಿದ್ದೆ.

ದಸರಾ ಕಳೆದ ಮೇಲೆ ಒಂದು ಭಾನುವಾರ ನಾನೂ ಅಂಬುವೂ ನನ್ನ ಅಕ್ಕನ ಮನೆಗೆ ಹೋಗಿದ್ದೆವು. ವಾಪಸು ಬಂದು ನೋಡಿದರೆ ಬಾಗಿಲ ಮುಂದೆ ಮೆಟ್ಟಿಲು. ಹಂಚಲು ಮನೆಯಲ್ಲಿ ಸಕ್ಕರೆ ಎಷ್ಟಿದೆ ಎಂದು ಆಗಲೇ ಲೆಕ್ಕ ಹಾಕಿದೆ. ಆಮೇಲೆ ಅದರ ಅಂಚಿನಲ್ಲಿ ಇನ್ನೂ ಹಸಿಯಾಗಿದ್ದ ಗಾರೆ ಕಾಣಿಸಿತು. ನಮ್ಮೂರಿನಲ್ಲಿ ಗಾರೆಯವರು ಗೋಡೆ ಕಟ್ಟುತ್ತಾರೆ, ತೊಟ್ಟಿ ಕಟ್ಟುತ್ತಾರೆ, ಒಲೆ ಕೂಡ ಹಾಕಿಕೊಡುತ್ತಾರೆ; ಮೆಟ್ಟಿಲು ಮಾತ್ರ ಕಟ್ಟುವುದಿಲ್ಲ, ಅದು ಕಳ್ಳತನದ ಲೆಕ್ಕ. ನಮ್ಮ ಯಜಮಾನರು ಕಟ್ಟಿಬಿಟ್ಟಿದ್ದರು. ಒಳ್ಳೇ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಮೂಲೆ ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು. ಒಂದು ವಿಷಯ ಮಾತ್ರ ಮರೆತಿದ್ದರು. ನಿಜವಾದ ಮೆಟ್ಟಿಲು ಮನೆಯನ್ನು ಎತ್ತುತ್ತದೆ, ಇವರದು ಎತ್ತಲಿಲ್ಲ. ಬೀದಿಯಿಂದ ಒಂದು ಗೇಣು ಹತ್ತಬೇಕು, ಬಾಗಿಲು ದಾಟಿದ ಕೂಡಲೇ ಒಂದು ಗೇಣು ಒಳಕ್ಕೆ ಇಳಿಯಬೇಕು. ಒಳಗೆ ಯಾರು ಬಂದು ನೋಡ್ತಾರೆ ಎಂದರು. ನಾನು ಬಾಯಿ ತೆಗೆಯುವ ಮೊದಲೇ ಅಂಬು ಹತ್ತಿದಳು, ಇಳಿದಳು, ತಿರುಗಿ ನಿಂತು ಅದನ್ನೇ ನೋಡಿದಳು.

"ಅಪ್ಪ, ನಂಗೆ ಬರೋದೇ ಇಲ್ಲ ಅಂತ ಕಟ್ಟಿದ್ಯಾ?"

ಅವರು ಕೈ ತೊಳೆಯಬೇಕು ಎಂದು ಬಚ್ಚಲಿಗೆ ಹೋದರು. ಎಷ್ಟು ಹೊತ್ತಾದರೂ ನೀರಿನ ಸದ್ದು ನಿಲ್ಲಲಿಲ್ಲ.

ಆ ಮೆಟ್ಟಿಲಿನಿಂದ ನಮಗಾದ ಸುಖ ಅಷ್ಟಿಷ್ಟಲ್ಲ. ಸೈಕಲ್ಲನ್ನು ಎತ್ತಿ ಇಳಿಸಬೇಕು. ನೆಂಟರು ಬಂದರೆ ಒಳಗಿನ ಇಳಿತ ಗೊತ್ತಾಗದೆ ಮುಗ್ಗರಿಸಿ, ನಮಸ್ಕಾರ ಮಾಡುವ ಭಂಗಿಯಲ್ಲೇ ನಡುಮನೆಗೆ ಬರುತ್ತಿದ್ದರು. ಮನೆ ತೊಳೆದ ನೀರು ಬಾಗಿಲಲ್ಲಿ ಕೆರೆಯಂತೆ ನಿಲ್ಲುತ್ತಿತ್ತು. ನಾನು ಬಟ್ಟೆಯಲ್ಲಿ ಹೀರಿ ಹೀರಿ ಬಕೆಟ್ಟಿಗೆ ಹಿಂಡಿ, ಯಜಮಾನರಿಗೆ ಕೇಳಿಸುವ ಹಾಗೆ ಗೊಣಗುತ್ತಿದ್ದೆ. ತಿಪ್ಪಜ್ಜಿ ಮೊದಲ ದಿನ ಬಂದು ಕೋಲೂರಿ ನಿಂತು ನೋಡಿದಳು. ಕಾಲು ಅಷ್ಟೆತ್ತರ ಏಳಲಿಲ್ಲ. ಓಹೋ, ನಿಮಗೂ ಬಂತಾ ಎಂದು ಹೇಳಿ ದೀಪದ ಕಂಬದ ಕೆಳಗೆ ಹೋಗಿ ಕೂತಳು. ಮೇಕೆ ಮಾತ್ರ ಮೊದಲಿನ ಹಾಗೆಯೇ ಬರುತ್ತಿತ್ತು.

ಹೀಗಿರುವಾಗ ದಾಕ್ಷಾಯಿಣಿ ಟೀಚರ್ ಮನೆಗೆ ಬಂದರು. ಆ ವರ್ಷವೇ ನಾಲ್ಕನೇ ಕ್ಲಾಸಿಗೆ ಹೊಸದಾಗಿ ಬಂದವರು, ಗಿರಣಿಗೆ ರಾಗಿ ತಂದಾಗ ಒಂದೆರಡು ಸಲ ಮುಖ ನೋಡಿದ್ದೆ. ಅವರೂ ಎಲ್ಲರಂತೆ ಮುಗ್ಗರಿಸಿಯೇ ಒಳಗೆ ಬಂದರು. ಮೆಟ್ಟಿಲಿನ ಬಗ್ಗೆ ಒಂದು ಮಾತೂ ಆಡದೆ ನೀರು ಕುಡಿದರು. ಅವರು ದೂರು ಹೇಳುವ ಮೊದಲೇ ನಾನು ಹೇಳಿಬಿಡೋಣ ಎಂದು, ಅಂಬು ಓದುವುದಿಲ್ಲ, ಬರೆಯುವುದಿಲ್ಲ, ಹೇಳಿದ ಮಾತು ಕೇಳುವುದಿಲ್ಲ ಎಂದು ಸರಾಗವಾಗಿ ಶುರು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅವಳಿಗೆ ಏನು ಬರಲ್ಲ ಅನ್ನೋದು ಗೊತ್ತಾಯ್ತಮ್ಮ," ಎಂದರು. "ಏನು ಬರುತ್ತೆ ಹೇಳಿ."

ನಾನು ಅವರ ಲೋಟಕ್ಕೆ ಮತ್ತೆ ನೀರು ಬಗ್ಗಿಸಿದೆ. ಯಜಮಾನರೇ ಮೆಲ್ಲಗೆ, ಕಥೆ ಹೇಳುತ್ತಾಳೆ ಎಂದರು. ಆಮೇಲೆ ನಾನು ಗಿರಣಿಯ ಸದ್ದಿನ ವಿಷಯ ಹೇಳಿದೆ. ಟೀಚರ್ ತಲೆಯಾಡಿಸಿದರು. ಕ್ಲಾಸಿನಲ್ಲಿ ಪ್ರಶ್ನೆಯನ್ನು ತಾವು ಓದಿ ಕೇಳಿದರೆ ಮೊದಲು ಕೈ ಎತ್ತುವವಳು ಅಂಬುವೇ, ಅದೇ ಪ್ರಶ್ನೆಯನ್ನು ಪುಸ್ತಕದಲ್ಲಿ ತೋರಿಸಿದರೆ ತಲೆ ತಗ್ಗಿಸುತ್ತಾಳೆ ಎಂದರು. ಬುದ್ಧಿಗೆ ಏನೂ ಆಗಿಲ್ಲ, ಅಕ್ಷರಗಳು ನಮ್ಮ ಕಣ್ಣಿಗೆ ನಿಂತಷ್ಟು ಸುಲಭವಾಗಿ ಅವಳಿಗೆ ನಿಲ್ಲುವುದಿಲ್ಲ, ಕೆಲವು ಮಕ್ಕಳು ಹಾಗಿರುತ್ತಾರೆ, ಅವರಿಗೆ ದಾರಿ ಸ್ವಲ್ಪ ಬೇರೆ, ಹೊತ್ತು ಸ್ವಲ್ಪ ಜಾಸ್ತಿ, ಅಷ್ಟೇ ಎಂದರು. ಹೊಟ್ಟೆನೋವಿನ ವಿಷಯ ಕೇಳಿದಾಗ, ಅದು ನಾಟಕ ಅಲ್ಲ, ಹೆದರಿಕೆಗೆ ನಿಜವಾಗಿಯೂ ಹೊಟ್ಟೆ ನೋಯುತ್ತದೆ ಎಂದರು. ಯಜಮಾನರಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಮನಸ್ಸಿಟ್ಟು ನೋಡಿದರೆ ಯಾಕೆ ಬರುವುದಿಲ್ಲ ಎಂದು ಕೇಳಿದರು.

ಟೀಚರ್ ಗೋಡೆಯ ಮೇಲಿದ್ದ ಕನ್ನಡಿ ತೆಗೆದು ಅವರ ಮುಂದೆ ಇಟ್ಟರು. ಒಂದು ಕಾಗದ ಕೊಟ್ಟು, ಕೈಗೆ ಅಡ್ಡವಾಗಿ ಪುಸ್ತಕ ಹಿಡಿದು, ಕನ್ನಡಿಯಲ್ಲಿ ಮಾತ್ರ ನೋಡುತ್ತ ನಿಮ್ಮ ಹೆಸರು ಬರೆಯಿರಿ ಎಂದರು. ನಮ್ಮವರು ನಕ್ಕು ಪೆನ್ನು ಹಿಡಿದರು. ಮೊದಲನೇ ಅಕ್ಷರ ಬೇಡದ ಕಡೆಗೆ ತಿರುಗಿತು. ತಿದ್ದಲು ಹೋದರೆ ಇನ್ನೊಂದು ಕಡೆ ಓಡಿತು. ಹುಟ್ಟಿದಾಗಿನಿಂದ ಇರುವ ಹೆಸರು ಅದು. ಗೋಡೆ ಎಬ್ಬಿಸುವಾಗ ಕೂಡ ಬೆವರದವರು ಹಣೆ ಒರೆಸಿಕೊಂಡರು. ಬೇಗ, ಬೇಗ, ಉಳಿದವರೆಲ್ಲ ಮುಗಿಸಿದರು ಎಂದು ಟೀಚರ್ ಮೆಲ್ಲಗೆ ಹೇಳುತ್ತಲೇ ಇದ್ದರು. ಬಾಗಿಲ ಸಂದಿಯಲ್ಲಿ ನಿಂತಿದ್ದ ಅಂಬು ಮೊದಲು ಕಿಸಕ್ಕನೆ ನಕ್ಕಳು. ಆಮೇಲೆ ಹತ್ತಿರ ಬಂದು ಅಪ್ಪನ ಪಕ್ಕ ಕೂತು, "ಕೈ ಗಟ್ಟಿ ಹಿಡೀಬೇಡ, ಇನ್ನೂ ಜಾಸ್ತಿ ಓಡುತ್ತೆ," ಎಂದಳು. ಅವರು ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. ದಿನವೂ ಹೀಗೇನಾ ಎಂದು ಕೇಳಿದರು. ಅಂಬು ಹೂಂ ಎಂದಳು.

ಆವತ್ತಿನಿಂದ ನಮ್ಮ ಮನೆಯ ಕ್ರಮ ಬದಲಾಯಿತು. ಟೀಚರ್ ಹೇಳಿದ್ದರಲ್ಲಿ ನನಗೆ ಬೇಗ ಅರ್ಥವಾದದ್ದು ಒಂದು: ಸ್ವಲ್ಪ ಸ್ವಲ್ಪ ಕೊಡಿ. ಗಿರಣಿಯ ಬಾಯಿಗೆ ಒಂದೇ ಸಲ ಮೂಟೆ ಸುರಿದರೆ ಕಲ್ಲು ಕಟ್ಟಿಕೊಳ್ಳುತ್ತದೆ, ಆಗ ಗಿರಣಿಗೆ ಬೈದು ಪ್ರಯೋಜನವಿಲ್ಲ, ಇದು ನನಗೆ ಗೊತ್ತಿಲ್ಲದ್ದಲ್ಲ. ಒಲೆಯ ಮೇಲೆ ಅನ್ನ ಬೇಯುವಷ್ಟು ಹೊತ್ತು ಮಾತ್ರ ಓದು, ಅನ್ನ ಇಳಿಸಿದರೆ ಪುಸ್ತಕವೂ ಮುಚ್ಚಬೇಕು. ಒಂದು ರಟ್ಟಿನ ನಡುವೆ ಒಂದು ಸಾಲಿನಷ್ಟು ಕಿಂಡಿ ಕೊಯ್ದು ಪುಸ್ತಕದ ಮೇಲಿಟ್ಟೆವು, ಉಳಿದ ಸಾಲುಗಳು ಅವಳನ್ನು ಎಳೆಯುವುದು ನಿಂತಿತು. ತಟ್ಟೆಯಲ್ಲಿ ಹಿಟ್ಟು ಹರಡಿ ಬೆರಳಿನಿಂದ ಅಕ್ಷರ ಬರೆಯುವುದು, ತಪ್ಪಾದರೆ ತಟ್ಟೆ ಅಲ್ಲಾಡಿಸುವುದು. ಕೆಂಪು ಗೆರೆ ಇಲ್ಲ, ಅಳಿಸಿದ ಗುರುತಿಲ್ಲ. ಅವಳ ಬೆರಳಿಗೆ ಮಕಾರದ ದಾರಿ ಗೊತ್ತಾದ ಮೇಲೆ ಕಣ್ಣೂ ಅದೇ ದಾರಿಗೆ ಬಂತು. ಪಾಠವನ್ನು ಮೊದಲು ನಾನು ಓದಿ ಹೇಳುತ್ತಿದ್ದೆ, ಅವಳು ಕಥೆಯಂತೆ ಒಪ್ಪಿಸುತ್ತಿದ್ದಳು, ಆಮೇಲೆ ಓದುತ್ತಿದ್ದಳು. ಯಜಮಾನರು ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗಿ ಇಟ್ಟಿಗೆ ಜೋಡಿಸಿ ಮಗ್ಗಿ ಕಲಿಸಿದರು. ಸ್ಕೂಲಿನಲ್ಲಿ ಟೀಚರ್ ಅವಳನ್ನು ಮುಂದಿನ ಬೆಂಚಿಗೆ ತಂದರು, ಎಲ್ಲರ ಮುಂದೆ ಎಬ್ಬಿಸಿ ಓದಿಸುವುದನ್ನು ಬಿಟ್ಟರು, ಕೆಲವು ಉತ್ತರಗಳನ್ನು ಬಾಯಲ್ಲೇ ಕೇಳಿದರು.

ಎಲ್ಲಕ್ಕಿಂತ ಕಷ್ಟವಾದದ್ದು ಶ್ರೀವತ್ಸನ ಹೆಸರೆತ್ತದೆ ಇರುವುದು. ನಾಲಿಗೆಯ ತುದಿಗೆ ಬಂದಿರುತ್ತಿತ್ತು, ಕಚ್ಚಿಕೊಳ್ಳುತ್ತಿದ್ದೆ. ಒಂದು ದಿನ ಓಮಿನ ಡಬ್ಬ ತೆಗೆದಾಗ ಅದು ತುಂಬಿದ್ದು ತುಂಬಿದ ಹಾಗೆಯೇ ಇತ್ತು. ಎಷ್ಟು ದಿನದಿಂದ ಕಷಾಯ ಮಾಡಿಲ್ಲ ಎಂದು ಯೋಚಿಸಿದರೆ ನೆನಪಾಗಲಿಲ್ಲ. ಸಂತೆಗೆ ಹೋಗುವ ದಾರಿಯಲ್ಲಿ ಅಂಬು ನಿಂತು ಒಂದು ಬೋರ್ಡನ್ನು ಅಕ್ಷರ ಅಕ್ಷರವಾಗಿ ಕೂಡಿಸಿ, ಇಲ್ಲಿ ಛತ್ರಿ ರಿಪೇರಿ ಮಾಡ್ತಾರಂತೆ ಅಮ್ಮ ಎಂದಳು. ನಮ್ಮ ಛತ್ರಿ ಚೆನ್ನಾಗಿಯೇ ಇತ್ತು, ಆದರೂ ಒಳಗೆ ಹೋಗಿ ಛತ್ರಿಯವನನ್ನು ಮಾತಾಡಿಸಿ ಬಂದೆ.

ಆದರೆ ಮೆಟ್ಟಿಲು ಬರಲಿಲ್ಲ. ನಾನು ದಿನವೂ ಎದ್ದ ಕೂಡಲೇ ಬಾಗಿಲು ತೆಗೆದು ನೋಡುತ್ತಿದ್ದೆ. ಇವರು ಕಟ್ಟಿದ ಕಲ್ಲು ಇದ್ದಲ್ಲೇ ಇರುತ್ತಿತ್ತು, ಅದರ ಆಚೆ ಬೀದಿಯೂ ಇದ್ದಲ್ಲೇ. ಟೀಚರಿಗೆ ಹೇಳಿಕೊಂಡರೆ, ಬಾಗಿಲು ನೋಡುವುದನ್ನು ಸ್ವಲ್ಪ ದಿನ ಬಿಡಿ ಎಂದರು. ಅವರ ಮಾತಿಗೆ ಮರ್ಯಾದೆ ಕೊಟ್ಟು, ಕಿಟಕಿಯಿಂದ ನೋಡಲು ಶುರು ಮಾಡಿದೆ.

ಬೇಸಿಗೆ ಹತ್ತಿರ ಬಂತು. ಎದುರುಮನೆಯ ಕಿಟಕಿಯ ಅಜ್ಜಿ, ಆ ಭಾನುವಾರ ನಮ್ಮವರು ಗಾರೆ ಕಲಸಿದ್ದನ್ನು ಮೇಲಿನಿಂದ ನೋಡಿದ್ದರಂತೆ. ಹಾಲಿನ ಪಾತ್ರೆ ಇಳಿಸುವಾಗ ಮಾತನ್ನೂ ಇಳಿಸಿದ್ದಾರೆ, ಹಾಲಿನವನು ಅದನ್ನು ಊರಿಗೆಲ್ಲ ಹಂಚಿದ್ದಾನೆ. ಹೆಡ್ ಮಾಸ್ಟರ್ ಸದಾನಂದಯ್ಯನವರು ಹೇಳಿಕಳಿಸಿದರು: ಗುರುವಾರ ಬರುತ್ತೇವೆ, ಕಟ್ಟಿದವರು ಬೀದಿಯವರ ಎದುರಿಗೆ ತಮ್ಮ ಕೈಯಾರೆ ಒಡೆಯಬೇಕು, ಆಮೇಲೆ ಏನಿದೆ ಎಂದು ನೋಡುತ್ತೇವೆ. ಆಮೇಲೆ ಏನಿರುತ್ತದೆ, ಬೀದಿಗೆ ಸಮನಾದ ಹೊಸಿಲು ಇರುತ್ತದೆ. ನಾವು ಅಂಬುವಿನಿಂದ ಮುಚ್ಚಿಡಲಿಲ್ಲ. ಅವಳು ತಟ್ಟೆಯ ಹಿಟ್ಟಿನಲ್ಲಿ ಏನೋ ಬರೆಯುತ್ತ ಪೂರ್ತಿ ಕೇಳಿಸಿಕೊಂಡಳು.

"ಒಡೆದ ಮೇಲೆ ನಂಗೆ ಸ್ಕೂಲಿಲ್ವಾ?"

ಗೊತ್ತಿಲ್ಲ ಮಗಳೇ ಎಂದೆ.

"ನಂಗೆ ಹೋಗ್ಬೇಕು," ಎಂದಳು ಅಂಬು. "ಈಗ ಹೋಗ್ಬೇಕು ಅನ್ಸುತ್ತೆ."

ಹಿಂದಿನ ವರ್ಷವಾಗಿದ್ದರೆ ಸ್ಕೂಲು ತಪ್ಪಿತೆಂದು ಕುಣಿಯುತ್ತಿದ್ದವಳು. ನಾನು ಒಳಗೆ ಹೋಗಿ ಬೇಳೆ ಆರಿಸುವ ನೆಪದಲ್ಲಿ ಅತ್ತೆ.

ಗುರುವಾರ ಬೆಳಿಗ್ಗೆ, ಮಾನ ಹೋಗುವ ದಿನವಾದರೂ ಮನೆ ಚೊಕ್ಕಟವಾಗಿರಲಿ ಎಂದು ನೆಲಕ್ಕೆ ನೀರು ಹೊಯ್ದು ಪೊರಕೆ ಹಿಡಿದೆ. ಕೊನೆಗೆ ಹೀರಿ ಹಿಂಡಲು ಬಕೆಟ್ಟನ್ನೂ ಬಟ್ಟೆಯನ್ನೂ ಬಾಗಿಲ ಬಳಿ ಇಟ್ಟುಕೊಂಡಿದ್ದೆ. ಒಂದೆರಡು ವಾರ ಕೆಲಸದ ಗಡಿಬಿಡಿಯಲ್ಲಿ ಒದ್ದೆ ಬಟ್ಟೆಯಲ್ಲಿ ಒರೆಸಿ ಮುಗಿಸಿದ್ದೆ, ನೀರು ಹೊಯ್ದಿರಲಿಲ್ಲ. ನೀರು ಹೊಸಿಲ ಹತ್ತಿರ ಹೋಯಿತು. ನಿಲ್ಲಲಿಲ್ಲ. ಹೊಸಿಲು ದಾಟಿ, ಯಜಮಾನರು ಕಟ್ಟಿದ ಕಲ್ಲಿನ ಮೇಲೆ ಸರಾಗವಾಗಿ ಹರಿದು, ಬೀದಿಗೆ ಬಿತ್ತು. ನಾನು ಇನ್ನೊಂದು ಚೊಂಬು ಹೊಯ್ದೆ, ಅದೂ ಹೋಯಿತು. ನಾನು ಆ ಒದ್ದೆ ನೆಲದ ಮೇಲೆಯೇ ಕೂತುಬಿಟ್ಟೆ. ಎದೆಯ ಮೇಲಿಂದ ರಾಗಿಯ ಮೂಟೆ ಇಳಿಸಿದ ಹಾಗಾಯಿತು. ಯಜಮಾನರನ್ನು ಕರೆಯಲು ಕೂತಲ್ಲಿಂದಲೇ ಪೊರಕೆಯಿಂದ ಬಾಗಿಲು ಬಡಿದೆ.

ಯಜಮಾನರು ಓಡಿ ಬಂದರು. ನೀರು ನೋಡಿದರು, ರಸಮಟ್ಟ ತಂದು ಅರ್ಧ ಹೊಸಿಲ ಮೇಲೂ ಅರ್ಧ ಆ ಕಲ್ಲಿನ ಮೇಲೂ ಇಟ್ಟರು. ಗಾಜಿನೊಳಗಿನ ಗುಳ್ಳೆ ನಡುವಿಗೆ ಬಂದು ನಿಂತಿತು. ಒಳಗೆ ಇಳಿಯಬೇಕಾಗಿದ್ದ ಗೇಣು ಎಲ್ಲಿ ಹೋಯಿತು? ಮನೆ ಎದ್ದಿತ್ತು. ಯಾವಾಗ ಎದ್ದಿತು, ಹೇಗೆ ಎದ್ದಿತು, ದಿನವೂ ಹತ್ತಿ ಇಳಿಯುತ್ತಿದ್ದ ನಮಗೆ ಯಾಕೆ ತಿಳಿಯಲಿಲ್ಲ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡೆವು. ಹಲ್ಲುಜ್ಜುತ್ತ ಬಂದ ಅಂಬು, ನನಗೆ ಗೊತ್ತಿತ್ತು, ಮೊದಲು ಒಳಗೆ ಬಂದರೆ ಕಾಲು ದಪ್ ಎಂದು ಬೀಳುತ್ತಿತ್ತು, ಬರಬರುತ್ತ ಸದ್ದು ಕಡಿಮೆಯಾಯಿತು ಎಂದಳು. ಮತ್ತೆ ಹೇಳಲಿಲ್ಲ ಯಾಕೆ ಎಂದರೆ, ನೀವು ಕೇಳಲಿಲ್ಲ ಎಂದಳು.

ಹೆಡ್ ಮಾಸ್ಟರು ಬಂದಾಗ ಬೀದಿಯ ಜನವೆಲ್ಲ ನೆರೆದಿತ್ತು. ಮೇಲಿನ ಕಿಟಕಿಗಳಲ್ಲಿ ತಲೆಗಳು. ದಾಕ್ಷಾಯಿಣಿ ಟೀಚರ್ ಒಂದು ಪಕ್ಕಕ್ಕೆ ಸೆರಗು ಹಿಡಿದು ನಿಂತಿದ್ದರು, ಅವರ ಮುಖ ಬಾಡಿತ್ತು. ನಾನು ಕಣ್ಣಲ್ಲೇ ಸಮಾಧಾನ ಹೇಳಿದೆ, ಅವರಿಗೆ ಅರ್ಥವಾಗಲಿಲ್ಲ. ಯಜಮಾನರು ಸುತ್ತಿಗೆ ಹಾರೆ ಹಿಡಿದು ಮದುವೆಯ ಗಂಡಿನ ಹಾಗೆ ಬಂದು ನಿಂತದ್ದು ನೋಡಿ ಜನಕ್ಕೆ ಆಶ್ಚರ್ಯ. ತಮ್ಮ ಕೈಕೆಲಸವನ್ನು ಅಷ್ಟು ಖುಷಿಯಿಂದ ಒಡೆದ ಗಾರೆಯವನನ್ನು ನಾನಂತೂ ನೋಡಿಲ್ಲ. ಕಲ್ಲು ಸೀಳಿತು, ಗಾರೆ ಉದುರಿತು, ಅವರು ಚೂರುಗಳನ್ನು ಬದಿಗೆ ತಳ್ಳಿದರು. ಒಡೆದ ಜಾಗದ ಹಿಂದೆ, ಹೊಸಿಲಿನ ಕೆಳಗೆ, ಒಂದು ಗೇಣೆತ್ತರ ಕಲ್ಲು ನಿಂತಿತ್ತು. ಒಂದೇ ದಿಮ್ಮಿಯಲ್ಲ, ತೆಳ್ಳತೆಳ್ಳಗೆ, ಹಪ್ಪಳ ಪೇರಿಸಿಟ್ಟ ಹಾಗೆ, ಒಂದರ ಕೆಳಗೊಂದು ಎಷ್ಟೋ ಪದರ.

ಸದಾನಂದಯ್ಯನವರು ಬಗ್ಗಿ ನೋಡಿ ಕನ್ನಡಕ ಒರೆಸಿಕೊಂಡರು. ಕೆಟ್ಟವರಲ್ಲ, ರೂಢಿ ಬಿಟ್ಟು ನಡೆಯಲು ಹೆದರುವ ಮನುಷ್ಯ. ಮೆಟ್ಟಿಲು ಅಂದರೆ ಒಂದೇ ಕಲ್ಲಾಗಿ ಬರಬೇಕು, ಇಂಥದ್ದನ್ನು ತಾವು ಕಂಡಿಲ್ಲ, ಇದನ್ನು ಮೆಟ್ಟಿಲು ಅನ್ನಬೇಕೋ ಬೇಡವೋ ತಮಗೆ ತಿಳಿಯುತ್ತಿಲ್ಲ ಎಂದರು. ಜನ ಗುಸುಗುಸು ಶುರು ಮಾಡಿತು. ಬೆಳಿಗ್ಗೆ ಇಳಿದಿದ್ದ ಭಾರ ಮತ್ತೆ ನನ್ನ ಎದೆಗೆ ಏರತೊಡಗಿತು. ಅಂಬು ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದಳು.

ಅಷ್ಟರಲ್ಲಿ ದೀಪದ ಕಂಬದ ಕಡೆಯಿಂದ ತಿಪ್ಪಜ್ಜಿ ಜನರನ್ನು ಕೋಲಿನಿಂದ ಸರಿಸುತ್ತ ಬಂದಳು. ಸುತ್ತಿಗೆಯ ಸದ್ದು ಕೇಳಿ ಅವಳಿಗೆ ಸಂತೋಷವಾಗಿತ್ತು. ಅಂತೂ ಒಡೆದರಲ್ಲ, ಇನ್ನು ನನ್ನ ಜಾಗ ನನಗೆ ಬಂತು ಎನ್ನುತ್ತ, ಯಾರನ್ನೂ ಲೆಕ್ಕಿಸದೆ, ಮೊದಲಿನ ಹಾಗೆ ಹೊಸಿಲ ಮೇಲೆ ಕೂರಲು ಕಾಲು ಮುಂದಿಟ್ಟಳು. ಕಾಲು ಕಲ್ಲಿಗೆ ತಗುಲಿತು. ಇನ್ನಷ್ಟು ಎತ್ತಲು ನೋಡಿದಳು, ಏಳಲಿಲ್ಲ. ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ ಇನ್ನೊಂದು ಕಾಲು ನೋಡಿದಳು, ಅದೂ ಏಳಲಿಲ್ಲ. ಬಗ್ಗಿ ನೋಡಿ ಹೆಡ್ ಮಾಸ್ಟರ ಕಡೆ ತಿರುಗಿದಳು.

"ಏನಯ್ಯಾ ಮೇಷ್ಟ್ರೇ, ಒಡೆದ್ಮೇಲೂ ಮೆಟ್ಲು ಇಲ್ಲೇ ಐತಲ್ಲ. ನಾನೆಲ್ಲಿ ಕೂರ್ಲಿ ಈಗ?"

ಮೊದಲು ನಕ್ಕವರು ಟೀಚರ್. ಆಮೇಲೆ ಕಿಟಕಿಯ ಅಜ್ಜಿ, ಆಮೇಲೆ ಬೀದಿಗೆ ಬೀದಿಯೇ. ಸದಾನಂದಯ್ಯನವರು ತಡೆಯಲು ನೋಡಿ, ಆಗದೆ ತಾವೂ ನಕ್ಕರು. ಹತ್ತಲಾಗುವುದಿಲ್ಲ ಎಂದು ತಿಪ್ಪಜ್ಜಿಯೇ ಹೇಳಿದ ಮೇಲೆ ಇದು ಮೆಟ್ಟಿಲಲ್ಲದೆ ಇನ್ನೇನು ಎಂದು, ಜೂನಿನಲ್ಲಿ ಮಗಳನ್ನು ಐದನೇ ಕ್ಲಾಸಿಗೆ ಕಳಿಸಿ ಎಂದರು. ನಾನು ಟೀಚರ ಕೈ ಹಿಡಿದುಕೊಂಡೆ, ಏನು ಹೇಳಿದೆನೋ ನೆನಪಿಲ್ಲ. ಅಂಬು ಓಡಿಹೋಗಿ ತಿಪ್ಪಜ್ಜಿಯ ತೋಳಿಗೆ ತೋಳು ಕೊಟ್ಟಳು. ಒಂದು ಕಡೆ ಅವಳು, ಒಂದು ಕಡೆ ಯಜಮಾನರು, ಅಜ್ಜಿಯನ್ನು ಎತ್ತಿ ಹೊಸಿಲ ಮೇಲೆ ಕೂರಿಸಿದರು. ಇನ್ನು ಮುಂದೆ ದಿನವೂ ಹೀಗೇ ಎತ್ತಬೇಕು, ಇದು ನಿನ್ನ ತಪ್ಪು ಎಂದು ಅಜ್ಜಿ ಅಂಬುವಿಗೆ ತಾಕೀತು ಮಾಡಿ ಎಲೆ ಅಡಿಕೆಯ ಚೀಲ ಬಿಚ್ಚಿದಳು.

ಜನ ಚದುರಿದ ಮೇಲೆ ನಾನು ಅರಿ‌ಶಿನ ಕುಂಕುಮ ತಂದೆ. ಯಜಮಾನರು ಮೆಟ್ಟಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಆ ಪದರಗಳನ್ನು ಬೆರಳಿನಿಂದ ಸವರುತ್ತಿದ್ದರು. ಒರಟು ಕೈ, ಆದರೆ ಮಗುವಿನ ತಲೆ ಸವರಿದ ಹಾಗೆ ಸವರುತ್ತಿದ್ದರು. ಕೆಳಗಿನ ಪದರಗಳು ತೊಳೆದಿಟ್ಟ ಹಾಗೆ ಚೊಕ್ಕಟವಾಗಿದ್ದವು. ಮೇಲಿನ ನಾಲ್ಕೈದು ಪದರಗಳ ಅಂಚಿಗೆ ಮಾತ್ರ ಗಾರೆ ಮೆತ್ತಿಕೊಂಡಿತ್ತು. ಅವರ ಬೆರಳು ಅಲ್ಲಿಯೇ ನಿಂತಿತು. ಕೆರೆದು ನೋಡಿದರು. ಅವರದೇ ಗಾರೆ, ಆ ಭಾನುವಾರ ಕಲಸಿದ್ದು. ಹೊಸ ಕಲ್ಲು ಕೆಳಗಿನಿಂದ ಬರುತ್ತದೆ, ಹಳೆಯದು ಮೇಲಿರುತ್ತದೆ, ನಮ್ಮೂರಿನ ಮಗುವಿಗೂ ಇದು ಗೊತ್ತು. ಅವರು ತಲೆ ಎತ್ತಿ ನನ್ನನ್ನು ನೋಡಿದರು, ಕಣ್ಣು ತುಂಬಿತ್ತು.

"ನಾನು ಕಟ್ಟಿದ ದಿನಾನೇ ಇತ್ತು ಕಣೇ ಇದು," ಎಂದರು. "ಇದರ ಮೇಲೇ ಗಾರೆ ಬಳಿದಿದ್ದೀನಿ."

ಅಂಬು ಬಂದು ಅವರ ಪಕ್ಕ ಕುಕ್ಕರಿಸಿದಳು. ಯಾವುದು ಎಂದಳು, ಅವರು ತೋರಿಸಿದರು. ಅವಳು ಗಾರೆ ಮೆತ್ತಿದ ಒಂದೊಂದೇ ಪದರವನ್ನು ಉಗುರಿನಿಂದ ಮುಟ್ಟಿ ನೋಡಿದಳು. ಟೀಚರ್ ಮನೆಗೆ ಬರುವುದಕ್ಕಿಂತ ಮೊದಲಿನದಾ ಎಂದು ಕೇಳಿದಳು, ಹೌದು ಎಂದರು. ಹೊಟ್ಟೆನೋವು ಬರುತ್ತಿದ್ದಾಗಿನದಾ ಎಂದಳು, ಆಗಿನದೇ ಮಗಳೇ ಎಂದರು. ನಮ್ಮಿಬ್ಬರ ಮುಖವನ್ನೂ ಸರದಿಯಲ್ಲಿ ನೋಡಿದಳು.

"ಹಾಗಾದ್ರೆ ನಾನು ಆಗ್ಲೂ ಸುಮ್ನೆ ಕೂತಿರ್ಲಿಲ್ಲ."

"ಇಲ್ಲ ಕಣೇ," ಎಂದೆ. "ಕೂತಿರ್ಲಿಲ್ಲ." ಕುಂಕುಮದ ಬಟ್ಟಲನ್ನು ಅವಳ ಕೈಗೇ ಕೊಟ್ಟೆ. ಅವಳು ಎಲ್ಲಕ್ಕಿಂತ ಮೇಲಿನ, ಗಾರೆ ಮೆತ್ತಿದ ಪದರದಿಂದ ಶುರು ಮಾಡಿ, ಒಂದನ್ನೂ ಬಿಡದೆ ಪ್ರತಿಯೊಂದಕ್ಕೂ ಬೊಟ್ಟಿಡುತ್ತ ಕೆಳಗಿಳಿದಳು.